ಚಪ್ಪಲಿಯಿಂದ ಮೇಲಕ್ಕೆ

ಗ್ರೀಕ್ ಚಿತ್ರಕಾರ ಅಪೆಲ್ಲೀಸನ ಕಥೆ ಕಲೆಯ ಬಗ್ಗೆ ಬರೆಯುವವರಿಗೆಲ್ಲ ಗೊತ್ತಿರುವಂಥದ್ದೇ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದವನು, ಅಲೆಕ್ಸಾಂಡರನ ಮೆಚ್ಚಿನ ಚಿತ್ರಕಾರ. ಚಿತ್ರ ಮುಗಿಸಿದ ಮೇಲೆ ಅದನ್ನು ಬೀದಿಗೆ ಕಾಣುವ ಹಾಗೆ ಜಗಲಿಯ ಮೇಲಿಟ್ಟು, ತಾನು ಅದರ ಹಿಂದೆ ಅವಿತು, ಹೋಗಿ ಬರುವ ಜನ ಏನು ತಪ್ಪು ಹುಡುಕುತ್ತಾರೆ ಎಂದು ಕಿವಿಗೊಡುತ್ತಿದ್ದನಂತೆ. ಒಂದು ದಿನ ಒಬ್ಬ ಚಮ್ಮಾರ ಬಂದ. ಚಿತ್ರದಲ್ಲಿದ್ದ ಚಪ್ಪಲಿಯ ಒಳಮಗ್ಗುಲಲ್ಲಿ ಒಂದು ಕುಣಿಕೆ ಕಡಿಮೆ ಇದೆ ಅಂದ. ಅಪೆಲ್ಲೀಸ್ ತಿದ್ದಿದ. ಮಾರನೆಯ ದಿನ ಅದೇ ಚಮ್ಮಾರ ತನ್ನ ಮಾತು ನಡೆದದ್ದನ್ನು ಕಂಡು ಹಿಗ್ಗಿ, ಕಾಲಿನ ಬಗ್ಗೆಯೂ ಏನೋ ಕೊರತೆ ಹೇಳಹೊರಟ. ಅಷ್ಟಕ್ಕೇ ಚಿತ್ರಕಾರ ಸಿಟ್ಟಿನಿಂದ ಹೊರಗೆ ಇಣುಕಿ, ಚಮ್ಮಾರನಾದವನು ಚಪ್ಪಲಿಗಿಂತ ಮೇಲಕ್ಕೆ ತೀರ್ಪು ಕೊಡಕೂಡದು ಎಂದು ಗದರಿಸಿದನಂತೆ. ಇದನ್ನು ಬರೆದಿಟ್ಟವನು ರೋಮಿನ ಪ್ಲಿನಿ, ಅದೂ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಆ ಹೊತ್ತಿಗೆ ಅಪೆಲ್ಲೀಸನ ಮಾತು ಗಾದೆಯಾಗಿತ್ತು ಎಂದೂ ಅವನೇ ಹೇಳುತ್ತಾನೆ.

ಈ ಗಾದೆ ಲ್ಯಾಟಿನ್ ವೇಷ ಕಳಚಿಟ್ಟು ನಮ್ಮ ಕನ್ನಡ ವಿಮರ್ಶೆಯ ಪಡಸಾಲೆಯಲ್ಲೂ ಓಡಾಡಿಕೊಂಡಿದೆ. ದಲಿತ ಲೇಖಕ ಬರೆದರೆ ಅದರಲ್ಲಿ ಅನುಭವದ ದಟ್ಟತೆ ಇದೆಯೇ, ಹಸಿತನ ಇದೆಯೇ, ಅಧಿಕೃತತೆ ಇದೆಯೇ ಎಂದು ಹಿಚುಕಿ ನೋಡುತ್ತಾರೆ. ಕೇರಿ, ಹಸಿವು, ಚರ್ಮ, ತಮಟೆ ಇವುಗಳ ವಿಚಾರದಲ್ಲಿ ನಮ್ಮ ಮಾತಿಗೆ ಬೆಲೆ ಇದೆ. ಕೆಲವರು ಬೇಕಾದ್ದಕ್ಕಿಂತ ಹೆಚ್ಚೇ ಬೆಲೆ ಕಟ್ಟುತ್ತಾರೆ. ಅದೇ ನಾವು ಛಂದಸ್ಸು, ಶಿಲ್ಪ, ಮಹಾಕಾವ್ಯದ ರಚನೆ ಅಂತ ಬಾಯಿ ತೆರೆದರೆ ಸಭೆಯಲ್ಲಿ ಒಂದು ಬಗೆಯ ಕೆಮ್ಮು ಕೇಳಿಸುತ್ತದೆ. ಒಂದು ವಿಚಾರ ಸಂಕಿರಣದಲ್ಲಿ ನಾನು ಗ್ರೀಕ್ ಶಿಲ್ಪದ ಬಗ್ಗೆ ನಾಲ್ಕು ಮಾತಾಡಿ ಕೆಳಗಿಳಿದಾಗ ಹಿರಿಯರೊಬ್ಬರು, "ಅದೆಲ್ಲ ಯಾಕ್ರೀ ನಿಮಗೆ? ನಿಮ್ಮ ಕೇರಿ ಬಗ್ಗೆ ಬರೀರಿ, ಅದರಲ್ಲಿ ನಿಮಗೆ ಸಾಟಿ ಇಲ್ಲ" ಅಂತ ಬೆನ್ನು ತಟ್ಟಿದರು. ಪ್ರೀತಿಯಿಂದಲೇ ತಟ್ಟಿದರು, ಅನುಮಾನವಿಲ್ಲ. ತಟ್ಟಿದ ಕೈ ಯಾವ ದಿಕ್ಕಿಗೆ ತಳ್ಳುತ್ತಿತ್ತು ಅನ್ನೋದು ಮಾತ್ರ ನನಗೆ ಚೆನ್ನಾಗಿ ಗೊತ್ತಾಯಿತು. ಅಪೆಲ್ಲೀಸನ ಚಮ್ಮಾರನನ್ನು ನಾನು ಹೊಸದಾಗಿ ಓದಲು ಕೂತದ್ದು ಆಮೇಲೆಯೇ.

ಮೊದಲು ಆ ಕುಣಿಕೆಯ ವಿಷಯ. ವಿದ್ವಾಂಸರು ಇದನ್ನು ದಾಟಿಕೊಂಡು ನೇರ ಗಾದೆಗೆ ಹೋಗಿಬಿಡುತ್ತಾರೆ. ಅಲ್ಲಿ ಹೇಳಿರುವ ಪಾದರಕ್ಷೆ 'ಕ್ರೆಪಿಸ್' ಎಂಬ ಜಾತಿಯದು. ದಪ್ಪ ಅಟ್ಟೆ, ಅದರ ಅಂಚಿಗೆ ಎರಡೂ ಮಗ್ಗುಲಲ್ಲಿ ಸಾಲಾಗಿ ಕುಣಿಕೆಗಳು, ಆ ಕುಣಿಕೆಗಳ ಒಳಗಿಂದ ಬಾರು ಹಾದು ಪಾದದ ಮೇಲೆ ಅಡ್ಡಡ್ಡ ಬಿಗಿದುಕೊಳ್ಳುತ್ತದೆ. ಒಳಮಗ್ಗುಲಲ್ಲಿ ಒಂದು ಕುಣಿಕೆ ತಪ್ಪಿತು ಅಂದರೆ ಎಳೆತ ಹೊರಮಗ್ಗುಲಿಗೆ ಹೋಗುತ್ತದೆ, ಅಟ್ಟೆ ಸೊಟ್ಟ ತಿರುಗುತ್ತದೆ, ಪಾದ ಜಾರುತ್ತದೆ. ಅಂಥ ಜೋಡು ಮೆಟ್ಟಿದವನು ನೆಟ್ಟಗೆ ನಿಲ್ಲಲಾರ. ಪಾದವನ್ನು ಹಿಡಿದಿಟ್ಟುಕೊಳ್ಳಲು ಮೀನಖಂಡ ಬಿಗಿಯಬೇಕಾಗುತ್ತದೆ, ಮಂಡಿ ಒಂದಿಷ್ಟು ಒಳಕ್ಕೆ ವಾಲಬೇಕಾಗುತ್ತದೆ. ನಾನು ಹುಟ್ಟಿದ್ದು ಜೋಡು ಹೊಲಿಯುವ ಮನೆಯಲ್ಲಿ. ರಿಪೇರಿಗೆ ಬಂದದ್ದನ್ನು ನಮ್ಮಪ್ಪ ಮೊದಲು ಬೋರಲು ಹಾಕಿ ಅಟ್ಟೆ ನೋಡುತ್ತಿದ್ದ. ಹಿಮ್ಮಡಿ ಎಲ್ಲಿ ಸವೆದಿದೆ, ಉಂಗುಟದ ಹತ್ತಿರ ಎಷ್ಟು ತಗ್ಗಾಗಿದೆ ಎಂದು ಬೆರಳಾಡಿಸಿ, "ಇವ್ನು ಬಲಗಾಲು ಎಳೀತಾನೆ ಕಣ್ಲಾ, ಸೊಂಟದಾಗೆ ಏನೋ ಐತೆ" ಅನ್ನುತ್ತಿದ್ದ. ಆ ಮನುಷ್ಯನ ಮುಖವನ್ನು ಅವನು ಕಂಡಿರುತ್ತಿರಲಿಲ್ಲ, ಜೋಡು ತಂದುಕೊಟ್ಟವನು ಆಳು. ಅಟ್ಟೆಯಿಂದ ಸೊಂಟದ ತನಕ ಅಪ್ಪನ ಓದು ತಡೆಯಿಲ್ಲದೆ ಹೋಗುತ್ತಿತ್ತು.

ಹಾಗಾದರೆ ಎರಡನೆಯ ದಿನ ಆ ಗ್ರೀಕ್ ಚಮ್ಮಾರ ಮಾಡಿದ ಅಪರಾಧವಾದರೂ ಏನು? ಮೊದಲ ದಿನದ ಮಾತನ್ನೇ ಅವನು ಮುಂದುವರಿಸಿದ. ಚಪ್ಪಲಿ ತಪ್ಪಾಗಿ ಬರೆದಿದ್ದವನು ಆ ಚಪ್ಪಲಿಯ ಮೇಲೆ ನಿಂತ ಕಾಲನ್ನೂ ತಪ್ಪಾಗಿ ಬರೆದಿರುವ ಸಾಧ್ಯತೆ ಇದೆ; ಕುಣಿಕೆಯನ್ನು ಮಾತ್ರ ತಿದ್ದಿ ಕಾಲನ್ನು ಹಾಗೇ ಬಿಟ್ಟರೆ ಹೊಸದೊಂದು ಸುಳ್ಳು ಹುಟ್ಟುತ್ತದೆ. ಅವನು ಕಾಲಿನ ಬಗ್ಗೆ ನಿಜವಾಗಿ ಏನಂದ ಎಂಬುದು ಪ್ಲಿನಿಯಲ್ಲಿ ಇಲ್ಲ. ಬೈಗುಳ ಅಕ್ಷರಶಃ ದಾಖಲಾಗಿದೆ, ಬೈಸಿಕೊಂಡವನ ಮಾತು ದಾಖಲಾಗಿಲ್ಲ. ಇನ್ನೊಂದು ತಮಾಷೆ: ಅಪೆಲ್ಲೀಸ್ ಬರೆದ ಚಿತ್ರಗಳಲ್ಲಿ ಒಂದೂ ಇವತ್ತು ಉಳಿದಿಲ್ಲ. ಚಪ್ಪಲಿಯೂ ಹೋಯಿತು, ಕಾಲೂ ಹೋಯಿತು, ಗಾದೆ ಮಾತ್ರ ಗಟ್ಟಿಯಾಗಿ ಕೂತಿದೆ.

ಚಿತ್ರ ಹೋದರೇನಂತೆ, ಒಂದು ಜಾಡಿ ಇದೆ. ಬಾಸ್ಟನ್ನಿನ ಲಲಿತಕಲೆಗಳ ಸಂಗ್ರಹಾಲಯದಲ್ಲಿರುವ, ಅಥೆನ್ಸಿನ ಕುಂಬಾರರು ಕ್ರಿ.ಪೂ. ೫೦೦ರ ಆಸುಪಾಸಿನಲ್ಲಿ ಮಾಡಿದ ಎರಡು ಹಿಡಿಯ ಜಾಡಿ. ನಾನು ನೋಡಿರುವುದು ಅದರ ಫೋಟೊ ಮಾತ್ರ. ಒಂದು ಮಗ್ಗುಲಲ್ಲಿ ಚಮ್ಮಾರನ ಅಂಗಡಿ. ಗಿರಾಕಿ ಮೇಜಿನ ಮೇಲೆ ನಿಂತಿದ್ದಾರೆ, ಪಾದದ ಕೆಳಗೆ ಚರ್ಮ. ಚಮ್ಮಾರ ಕೂತುಕೊಂಡು ಪಾದದ ಅಂಚಿಗೇ ಹೊಂದಿಸಿ ಚರ್ಮ ಕೊಯ್ಯುತ್ತಿದ್ದಾನೆ. ನಮ್ಮ ರಂಪಿಗೆಯ ಬಳಗದ್ದೇ ಆದ ಕತ್ತಿ. ಗೋಡೆಗೆ ಸಾಮಾನು ತೂಗುಹಾಕಿದೆ. ಓದುಗರು ಗಮನಿಸಬೇಕಾದದ್ದು ಚಮ್ಮಾರನ ಕಣ್ಣಿನ ಎತ್ತರವನ್ನು. ಗಿರಾಕಿ ಮೇಲೆ, ಇವನು ಕೆಳಗೆ. ಹೀಗಾಗಿ ಇವನ ಮುಖದ ಎದುರಿಗೇ ಇರುವುದು ಆ ದೇಹದ ಕಾಲು. ಊರಿನ ಬೇರೆಲ್ಲರೂ ಒಬ್ಬರ ಮುಖ ಇನ್ನೊಬ್ಬರು ನೋಡುತ್ತ ಬದುಕುವಾಗ, ಕಾಲುಗಳನ್ನು ಕಣ್ಣಳತೆಯಲ್ಲಿ ಇಟ್ಟುಕೊಂಡು ದಿನವಿಡೀ ಕೂತಿರುವ ಕಸುಬು ಇದು. ಕಾಲಿನ ಬಗ್ಗೆ ಅವನಿಗೆ ಗೊತ್ತಿಲ್ಲದಿದ್ದರೆ ಇನ್ಯಾರಿಗೆ ಗೊತ್ತಿರಬೇಕು ಸ್ವಾಮಿ?

ಜಾಡಿಯನ್ನು ತಿರುಗಿಸಿದರೆ ಇನ್ನೊಂದು ಮಗ್ಗುಲಲ್ಲಿ ಕುಲುಮೆ. ಅಡಿಗಲ್ಲು, ಇಕ್ಕಳ, ಎತ್ತಿದ ಸುತ್ತಿಗೆ. ಬಡಿಯುತ್ತಿರುವುದು ಕಬ್ಬಿಣ ಅಂತಲೇ ಇಟ್ಟುಕೊಳ್ಳಿ, ಆದರೂ ಗ್ರೀಕರು ಕಬ್ಬಿಣದ ಕೆಲಸದವನನ್ನು ಹಳೆಯ ಕಾಲದ 'ಕಂಚುಗಾರ' ಎಂಬ ಹೆಸರಿನಿಂದಲೇ ಕರೆಯುತ್ತಿದ್ದರು. ಚರ್ಮ ಮತ್ತು ಲೋಹ ಒಂದೇ ಜಾಡಿಯ ಹೊಟ್ಟೆ ಬೆನ್ನಾಗಿರುವುದನ್ನು ಆ ಚಿತ್ರಕಾರ ಸಹಜವೆಂಬಂತೆ ಬರೆದಿದ್ದಾನೆ. ಅವನೂ ಕೈಕಸುಬಿನವನೇ ತಾನೇ. ಕಾವ್ಯಕ್ಕೆ ಬಂದರೆ ಈ ನೆಂಟಸ್ತಿಕೆ ಮುರಿದುಹೋಗುತ್ತದೆ.

ಹೋಮರನ ಯೋಧರು ಉಡುವುದೇ ಕಂಚನ್ನು. ಕಂಚಿನ ಅಂಗಿಯವರು, ಒಳ್ಳೆಯ ಕಾಲ್ಗವಚದವರು ಎಂಬ ವಿಶೇಷಣಗಳು 'ಇಲಿಯಡ್'ನಲ್ಲಿ ಮತ್ತೆ ಮತ್ತೆ ಬರುತ್ತವೆ. ವೀರನೊಬ್ಬ ಯುದ್ಧಕ್ಕೆ ಸಜ್ಜಾಗುವ ವರ್ಣನೆಗೆ ಒಂದು ಕಟ್ಟಳೆ ಇದೆ: ಮೊದಲು ಮೊಣಕಾಲಿನ ಕೆಳಗಿನ ಕವಚ, ಅದಕ್ಕೆ ಹರಡಿನ ಹತ್ತಿರ ಬೆಳ್ಳಿಯ ಕೊಂಡಿ, ಆಮೇಲೆ ಎದೆಗವಚ, ಕತ್ತಿ, ಗುರಾಣಿ, ಶಿರಸ್ತ್ರಾಣ. ಕೆಳಗಿನಿಂದ ಮೇಲಕ್ಕೆ ಹೋಗುವ ಈ ವರ್ಣನೆ ಶುರುವಾಗುವುದು ಹರಡಿನಿಂದ. ಅದಕ್ಕೂ ಕೆಳಗೆ ಒಂದು ಪಾದ ಇದೆ, ಆ ಪಾದ ಟ್ರಾಯ್ ಬಯಲಿನ ಕಲ್ಲು ಮುಳ್ಳು ತುಳಿಯಬೇಕು ಎಂಬುದು ಕವಿಗೆ ಆ ಹೊತ್ತಿನಲ್ಲಿ ನೆನಪಾಗುವುದಿಲ್ಲ. ಹಾಸಿಗೆಯಿಂದ ಎದ್ದಾಗ ಅಗಮೆಮ್ನಾನ್ ಚಪ್ಪಲಿ ಕಟ್ಟಿಕೊಳ್ಳುತ್ತಾನೆ, ಹರ್ಮಿಸ್ ದೇವತೆ ಚಿನ್ನದ ಪಾದರಕ್ಷೆ ಕಟ್ಟಿಕೊಂಡು ಸಮುದ್ರದ ಮೇಲೆ ಹಾರುತ್ತಾನೆ. ಯುದ್ಧದ ಸಿಂಗಾರದ ವರ್ಣನೆಗಳಲ್ಲಿ ಮಾತ್ರ ಚರ್ಮದ ಅಟ್ಟೆಗೆ ಜಾಗವಿಲ್ಲ. ನನಗೆ ಇದು ಮುಖ್ಯವೆನಿಸುತ್ತದೆ. ಅಪೆಲ್ಲೀಸ್ ಚಮ್ಮಾರನಿಗೆ ಎಳೆದ ಗೆರೆ ಎಲ್ಲಿದೆಯೋ ಮಹಾಕಾವ್ಯ ಕಂಚು ಎಂದು ಹಾಡಲು ಶುರು ಮಾಡುವುದೂ ಅಲ್ಲಿಂದಲೇ. ಗೆರೆಯ ಕೆಳಗೆ ಚರ್ಮ, ಮೇಲೆ ಕಂಚು.

ಹೋಮರನಿಗೆ ಅನ್ಯಾಯ ಮಾಡಬಾರದು. 'ಒಡಿಸ್ಸಿ'ಯಲ್ಲಿ ಒಡಿಸ್ಯೂಸ್ ಇಪ್ಪತ್ತು ವರ್ಷಗಳ ಮೇಲೆ ತನ್ನ ನೆಲಕ್ಕೆ ಬಂದು, ಹಂದಿ ಕಾಯುವ ಗುಲಾಮ ಯೂಮೀಯಸನ ಹಟ್ಟಿಗೆ ಹೋಗುತ್ತಾನಲ್ಲ, ಆಗ ಯೂಮೀಯಸ್ ಏನು ಮಾಡುತ್ತಿದ್ದಾನೆ ಗೊತ್ತೆ? ಒಳ್ಳೆಯ ಬಣ್ಣದ ಎತ್ತಿನ ಚರ್ಮ ಕೊಯ್ದು ತನ್ನ ಪಾದಕ್ಕೆ ತಾನೇ ಜೋಡು ಹೊಂದಿಸಿಕೊಳ್ಳುತ್ತಿದ್ದಾನೆ. ದೇವತೆಗಳ ಚಪ್ಪಲಿಗೆ ಚಿನ್ನ ಎಂಬ ವಿಶೇಷಣ ಸಿಕ್ಕಿತೇ ಹೊರತು ಅದನ್ನು ಯಾರು ಹೊಲಿದರು, ಎಲ್ಲಿ ಬಾರು ಹಾಕಿದರು ಎಂದು ಆ ಸಾಲುಗಳು ಹೇಳುವುದಿಲ್ಲ. ಗುಲಾಮನ ಚಪ್ಪಲಿಗೆ ವಿಶೇಷಣದ ಬದಲು ಕೆಲಸ ಸಿಕ್ಕಿದೆ, ಚರ್ಮದ ಬಣ್ಣವೂ ಸಿಕ್ಕಿದೆ. ಇಡೀ ಕಾವ್ಯದಲ್ಲಿ ಕವಿ 'ನೀನು' ಎಂದು ನೇರವಾಗಿ ಕರೆದು ಮಾತಾಡಿಸುವುದು ಈ ಒಬ್ಬ ಯೂಮೀಯಸನನ್ನೇ. ಶಿಷ್ಟ ಕಾವ್ಯವನ್ನು ಸಾರಾಸಗಟಾಗಿ ತಿರಸ್ಕರಿಸುವ ನಮ್ಮ ಗೆಳೆಯರು ಇಂಥ ಜಾಗಗಳನ್ನು ಬಿಟ್ಟುಕೊಡಬಾರದು ಅನ್ನೋದು ನನ್ನ ತಕರಾರು. ಯೂಮೀಯಸ್ ನಮ್ಮವನು, ಅವನನ್ನು ಅವರಿಗೆ ಯಾಕೆ ಬಿಡಬೇಕು?

ಇನ್ನು ಕಂಚಿಗೆ ಸಿಕ್ಕ ಮರ್ಯಾದೆ ಕಂಚುಗಾರನಿಗೆ ಸಿಕ್ಕಿತೇ? ಅಖಿಲೀಸನ ಗುರಾಣಿಯನ್ನು ಎರಕ ಹೊಯ್ದು ಬಡಿದವನು ಹಿಫೀಸ್ಟಸ್, ಒಲಿಂಪಸ್ಸಿನಲ್ಲಿ ಬೆವರು ಸುರಿಸಿ ದುಡಿಯುವ ದೇವರು. ಅವನಿಗೆ ಕಾಲು ಊನ. ದೇವತೆಗಳ ಪಂಕ್ತಿಯಲ್ಲಿ ಅವನು ಕುಂಟುತ್ತ ಬಡಿಸಲು ಓಡಾಡಿದರೆ ಉಳಿದವರಿಗೆ ತಡೆಯಲಾರದ ನಗು. ತಾಮ್ರಕ್ಕೆ ಪಾಷಾಣ ಬೆರೆಸಿ ಕರಗಿಸುತ್ತಿದ್ದ ಆದಿಕಾಲದ ಕಮ್ಮಾರರಿಗೆ ಆ ಹೊಗೆಯಿಂದ ಕಾಲಿನ ನರ ಸೋಲುತ್ತಿತ್ತು, ಅದರ ನೆನಪೇ ಈ ಕುಂಟು ದೇವರು ಎಂದು ಕೆಲವರು ಊಹಿಸಿದ್ದಾರೆ. ಊಹೆ ಹೇಗಾದರೂ ಇರಲಿ, ವೀರನ ಕಾಲಿಗೆ ಕವಚ ಮಾಡಿಕೊಟ್ಟವನ ಕಾಲೇ ನೆಟ್ಟಗಿರಲಿಲ್ಲ. ಬರ್ಲಿನ್ನಿನಲ್ಲಿ ಕ್ರಿ.ಪೂ. ೪೯೦-೪೮೦ರ ಸುಮಾರಿನ ಒಂದು ಬಟ್ಟಲಿದೆ. ಅದರ ಹೊರಮೈಯಲ್ಲಿ ಕಂಚಿನ ಪ್ರತಿಮೆ ಮಾಡುವ ಕಾರ್ಖಾನೆ: ಕುಲುಮೆಯ ಮುಂದೆ ಕೂತು ಬೆಂಕಿ ಕೆದಕುವವನು, ತಲೆಯಿಲ್ಲದ ಪ್ರತಿಮೆಯ ಮೇಲೆ ಕೆಲಸ ಮಾಡುವವನು, ಪಕ್ಕದಲ್ಲಿ ನೆಲದ ಮೇಲೆ ಬಿದ್ದಿರುವ ಪ್ರತಿಮೆಯ ತಲೆ, ಇನ್ನೊಂದು ಕಡೆ ಆಳಿಗಿಂತ ಎಷ್ಟೋ ದೊಡ್ಡದಾದ ಯೋಧನ ಮೂರ್ತಿಯನ್ನು ಹೆರೆದು ನಯ ಮಾಡುತ್ತಿರುವ ಇಬ್ಬರು. ಆ ಮೂರ್ತಿಯ ಆಚೀಚೆ ಇಬ್ಬರು ಗೃಹಸ್ಥರು ಮೈತುಂಬ ಹೊದ್ದು, ಊರುಗೋಲಿಗೆ ಒರಗಿ, ನೋಡುತ್ತ ನಿಂತಿದ್ದಾರೆ. ಬಟ್ಟಲಿನ ಒಳಗೆ ಹಿಫೀಸ್ಟಸ್ ಅಖಿಲೀಸನ ತಾಯಿಗೆ ಆಯುಧ ಒಪ್ಪಿಸುತ್ತಿದ್ದಾನೆ. ದ್ರಾಕ್ಷಾರಸ ಕುಡಿದು ಬಟ್ಟಲು ಬರಿದಾದಾಗ ಕುಡಿದವನಿಗೆ ಕಾಣುವುದು ದೇವರು; ಕೆಲಸಗಾರರನ್ನು ನೋಡಬೇಕಾದರೆ ಎದುರಿಗೆ ಕೂತಿರಬೇಕು.

ನೋಡುತ್ತ ನಿಂತ ಆ ಗೃಹಸ್ಥರ ದೃಷ್ಟಿಯನ್ನೇ ಮುಂದೆ ತತ್ವಶಾಸ್ತ್ರ ಎಂದು ಕರೆದರು. ಪ್ಲೇಟೊ ತನ್ನ 'ರಿಪಬ್ಲಿಕ್'ನಲ್ಲಿ ಜನರಿಗೆ ಹೇಳಬೇಕಾದ ಒಂದು ಸುಳ್ಳನ್ನು ಸೂಚಿಸುತ್ತಾನೆ, ಸುಳ್ಳು ಎಂದು ಒಪ್ಪಿಕೊಂಡೇ. ಆಳುವವರಲ್ಲಿ ದೇವರು ಚಿನ್ನ ಬೆರೆಸಿದ, ಕಾಯುವವರಲ್ಲಿ ಬೆಳ್ಳಿ, ರೈತರಲ್ಲಿ ಕಸುಬಿನವರಲ್ಲಿ ಕಬ್ಬಿಣ ಮತ್ತು ಕಂಚು. ಕಬ್ಬಿಣದವನೋ ಕಂಚಿನವನೋ ನಗರ ಕಾಯುವ ದಿನ ನಗರ ಹಾಳಾಗುತ್ತದೆ. ವೀರನ ಎದೆಯ ಮೇಲೆ ಝಳಪಿಸುವಾಗ ಹೊಗಳಿಸಿಕೊಂಡ ಕಂಚು ಕಸುಬಿನವನ ಮೈಯೊಳಗೆ ಬಂದ ಕೂಡಲೇ ಕೀಳು ಲೋಹವಾಯಿತು. ಕಂಚಿನವರಿಗೆ ಚಿನ್ನದ ಮಗು ಹುಟ್ಟಬಹುದು, ಹುಟ್ಟಿದರೆ ಮೇಲಕ್ಕೆ ಕಳಿಸಬೇಕು ಎಂದೂ ಪ್ಲೇಟೊ ಸೇರಿಸುತ್ತಾನೆ, ಅದನ್ನು ಮುಚ್ಚಿಡುವುದು ತರವಲ್ಲ. ಆದರೆ ಮೇಲಕ್ಕೆ ಕಳಿಸುವ ಕೈ ಯಾವುದು? ೧೯೩೬ರ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬ ಅಂಬೇಡ್ಕರರು ಚಾತುರ್ವರ್ಣ್ಯದ ಗುಣಕರ್ಮ ಸಮರ್ಥನೆಯನ್ನು ಬಿಚ್ಚಿಡುವಾಗ ಪ್ಲೇಟೊನನ್ನು ಎದುರಿಗೆ ತಂದು ಕೂರಿಸಿದ್ದು ಸುಮ್ಮನೆ ಅಲ್ಲ. ಮನುಷ್ಯರನ್ನು ಮೂರು ಗೂಡುಗಳಿಗೆ ತುಂಬಿದವನಿಗೆ ಒಬ್ಬೊಬ್ಬ ಮನುಷ್ಯನ ಅನನ್ಯತೆಯ ಅರಿವೇ ಇರಲಿಲ್ಲ ಎಂಬುದು ಅವರ ಆಕ್ಷೇಪದ ತಿರುಳು. ಅರಿಸ್ಟಾಟಲನದು ಇನ್ನೂ ನೇರ: ಅತ್ಯುತ್ತಮ ರಾಜ್ಯ ಕೈಕಸುಬಿನವನನ್ನು ಪೌರನನ್ನಾಗಿ ಮಾಡುವುದಿಲ್ಲ. ಥೀಬ್ಸ್ ನಗರದಲ್ಲಿ ಹತ್ತು ವರ್ಷ ಸಂತೆ ವ್ಯಾಪಾರದಿಂದ ದೂರ ಇದ್ದವನಿಗಷ್ಟೇ ಅಧಿಕಾರದ ಹುದ್ದೆ ಸಿಗುತ್ತಿತ್ತು ಎಂಬ ಕಾನೂನನ್ನೂ ಅವನೇ ಉದಾಹರಿಸುತ್ತಾನೆ.

ಇಷ್ಟು ಹೇಳಿ, ಗ್ರೀಸೂ ಒಂದೇ ನಮ್ಮೂರೂ ಒಂದೇ ಅಂತ ಷರಾ ಬರೆದು ಮುಗಿಸುವುದು ಸುಲಭ. ಅದು ಸೋಮಾರಿತನ. ಜೆನೊಫೋನ್ ಹೇಳುವ ಒಂದು ಸಂಗತಿ ಇದೆ: ಸಭೆಯಲ್ಲಿ ಮಾತಾಡಲು ಅಂಜುತ್ತಿದ್ದ ಒಬ್ಬ ಒಳ್ಳೆಯ ಮನೆತನದ ತರುಣನನ್ನು ಸಾಕ್ರೆಟಿಸ್ ಹುರಿದುಂಬಿಸುತ್ತ, ಅಲ್ಲಿ ಕೂತಿರುವವರು ಅಗಸರು, ಚಮ್ಮಾರರು, ಬಡಗಿಗಳು, ಕಮ್ಮಾರರು ತಾನೆ, ಅವರಿಗೇಕೆ ನಾಚುತ್ತೀಯ ಎಂದು ಕೇಳುತ್ತಾನೆ. ಧಾಟಿಯಲ್ಲಿ ತಾತ್ಸಾರ ಇದೆ, ಇರಲಿ. ಆದರೆ ಅಥೆನ್ಸಿನ ಸಭೆಯಲ್ಲಿ ಚಮ್ಮಾರ ಕೂತಿದ್ದ, ಕೈ ಎತ್ತುತ್ತಿದ್ದ, ಅವನ ಕೈಗೆ ಲೆಕ್ಕವಿತ್ತು. ಚರ್ಮ ಹದ ಮಾಡುವ ಕಾರ್ಖಾನೆಯ ಹಣದಿಂದ ಬಂದ ಕ್ಲಿಯಾನ್ ಆ ನಗರದ ದೊಡ್ಡ ಮುಖಂಡನೇ ಆದ. ಅವನ ಮೈಯಿಂದ ಚರ್ಮದ ನಾತ ಬರುತ್ತದೆ ಎಂದು ಅರಿಸ್ಟೊಫೇನೀಸ್ ಕ್ರಿ.ಪೂ. ೪೨೪ರಲ್ಲಿ ನಾಟಕವಾಡಿ ನಗಿಸಿದ, ಬಹುಮಾನವನ್ನೂ ಹೊಡೆದ. ನಾತ ಎಂದು ಹೀಯಾಳಿಸಿದರು, ಬಾವಿಯಿಂದ ದೂರ ಇಡಲಿಲ್ಲ.

ಹರ್ಮಿಸ್ ದೇವತೆಯ ಮೇಲಿನ ಹಳೆಯ ಸ್ತುತಿಕಾವ್ಯವೊಂದು ನಮ್ಮಲ್ಲಿ ಹುಟ್ಟಲು ಸಾಧ್ಯವೇ ಇರಲಿಲ್ಲ. ಆ ದೇವರು ಹುಟ್ಟಿದ ದಿನವೇ ಆಮೆಯ ಚಿಪ್ಪಿಗೆ ಎತ್ತಿನ ಚರ್ಮ ಬಿಗಿದು, ಕುರಿಯ ಕರುಳಿನ ಏಳು ತಂತಿ ಎಳೆದು, ಲೋಕದ ಮೊದಲ ಲೈರ್ ವಾದ್ಯ ಮಾಡುತ್ತಾನೆ. ಸಂಜೆ ಹೋಗಿ ಅಪೊಲೊನ ದನ ಕದಿಯುತ್ತಾನೆ; ಹೆಜ್ಜೆ ಗುರುತು ಸಿಗದ ಹಾಗೆ ಕಾಡಿನ ರೆಂಬೆ ಹೆಣೆದು ಚಪ್ಪಲಿ ಕಟ್ಟಿಕೊಳ್ಳುತ್ತಾನೆ. ಎರಡು ಹಸುಗಳನ್ನು ಕೊಂದು, ಕೊಯ್ದು, ಚರ್ಮವನ್ನು ಬಂಡೆಯ ಮೇಲೆ ಹರವುತ್ತಾನೆ. ಅಪೊಲೊ ಸಿಟ್ಟಾಗುವುದು ಕಳ್ಳತನಕ್ಕೆ. ಇವನ ಕೈ ಮೈಲಿಗೆಯಾಯಿತು ಎಂದು ಅವನು ಹೇಳುವುದಿಲ್ಲ; ಆ ಲೈರನ್ನು ಅದೇ ಕೈಯಿಂದ ಇಸಿದುಕೊಂಡು ಕಾವ್ಯದ ದೇವರೆಂದು ಮೆರೆಯುತ್ತಾನೆ. ಚರ್ಮ ಬಂಡೆಯ ಮೇಲೆ ಹರವುವುದು ಎಂಥ ಕೆಲಸ ಎಂದು ನನಗೆ ಗೊತ್ತಿರುವುದರಿಂದ ಆ ಜಾಗಕ್ಕೆ ಬಂದಾಗಲೆಲ್ಲ ನಿಲ್ಲುತ್ತೇನೆ. ಮೈ ಮಡಿಯ ಲೆಕ್ಕ ಅವರಲ್ಲಿ ಇರಲೇ ಇಲ್ಲ ಎಂದೇನೂ ಅಲ್ಲ. ಆಂಡಾನಿಯಾ ಎಂಬಲ್ಲಿನ ಒಂದು ಗ್ರೀಕ್ ಶಾಸನ ಅಲ್ಲಿಯ ವ್ರತದ ಹೆಂಗಸರು ಉಣ್ಣೆಯ ಕಂಬಳಿ ಜೋಡನ್ನೋ ಬಲಿಕೊಟ್ಟ ಪ್ರಾಣಿಯ ಚರ್ಮದ ಜೋಡನ್ನೋ ಮಾತ್ರ ಮೆಟ್ಟಬೇಕು ಎಂದು ವಿಧಿಸುತ್ತದೆ. ಕೊಂದದ್ದು ಶುದ್ಧ, ತಾನಾಗಿ ಸತ್ತದ್ದು ಅಶುದ್ಧ. ಸತ್ತ ದನ ಹೊರುವವರ ಮಕ್ಕಳಿಗೆ ಈ ಲೆಕ್ಕ ಹೊಸದಲ್ಲ. ವ್ಯತ್ಯಾಸ ಏನೆಂದರೆ ಅಲ್ಲಿ ಅಶುದ್ಧತೆ ಜೋಡಿಗೆ ಅಂಟಿತ್ತು, ವ್ರತ ಮುಗಿದ ಮೇಲೆ ಬಿಡುತ್ತಿತ್ತು.

ಬರಿಗಾಲಿನ ವಿಷಯವೂ ಹೀಗೆಯೇ. ಸಾಕ್ರೆಟಿಸ್ ಬರಿಗಾಲಿನವನು. ಪೊಟಿಡಿಯಾದ ಚಳಿಯಲ್ಲಿ ಹೆಪ್ಪುಗಟ್ಟಿದ ನೆಲದ ಮೇಲೆ ಬರಿಗಾಲಲ್ಲಿ ನಡೆದ, ಉಳಿದ ಸೈನಿಕರಿಗೆ ಅವನು ತಮ್ಮನ್ನು ಹಂಗಿಸುತ್ತಿದ್ದಾನೆ ಅನ್ನಿಸಿತಂತೆ. ಔತಣಕ್ಕೆ ಹೊರಟ ಒಂದು ದಿನ ಅವನು ಚಪ್ಪಲಿ ಮೆಟ್ಟಿದ್ದೇ ಪ್ಲೇಟೊಗೆ ಬರೆದಿಡುವಷ್ಟು ದೊಡ್ಡ ಸುದ್ದಿ. ಇದನ್ನೆಲ್ಲ ಓದುವಾಗ ನಮ್ಮ ಮಾವ ನೆನಪಾಗುತ್ತಾನೆ. ತಾನೇ ಹೊಲಿದ, ಮೂರು ಊರಿಗೆ ಹೆಸರಾದ ಜೋಡನ್ನು ಮೇಲುಕೇರಿಯ ಬಾಯಿಗೆ ಬಂದ ಕೂಡಲೇ ಕಳಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ. ಅಲ್ಲಿ ಬಿಸಿಲಿಗೆ ಕಾದ ಬಂಡೆ ಹಾಸು ಇತ್ತು. ಬರಿಗಾಲಿನ ವೈರಾಗ್ಯವನ್ನು ಕೊಂಡಾಡುವವರು, ಮೆಟ್ಟುವ ಹಕ್ಕು ಇದ್ದವನು ಬಿಟ್ಟದ್ದಕ್ಕೂ ಮೆಟ್ಟಿದರೆ ಏಟು ಬೀಳುತ್ತಿದ್ದವನು ಬಿಟ್ಟದ್ದಕ್ಕೂ ಒಂದೇ ಪದ ಬಳಸುವುದು ಭಾಷೆಯ ಹುನ್ನಾರ.

ಈ ಬರಿಗಾಲಿನ ತತ್ವಜ್ಞಾನಿ ಹೋಗಿ ಕೂರುತ್ತಿದ್ದ ಜಾಗಗಳಲ್ಲಿ ಒಂದು, ಕಥೆಯ ಪ್ರಕಾರ, ಸೈಮನ್ ಎಂಬ ಚಮ್ಮಾರನ ಅಂಗಡಿ. ಸಾಕ್ರೆಟಿಸ್ ಮಾತಾಡಿದ್ದರಲ್ಲಿ ನೆನಪಿದ್ದಷ್ಟನ್ನು ಸೈಮನ್ ಬರೆದಿಡುತ್ತಿದ್ದ, ಅವು ಮೂವತ್ತಮೂರು ಸಂವಾದಗಳಾದವು, ಜನ ಅವನ್ನು ಚರ್ಮದ ಸಂವಾದಗಳು ಎಂದು ಕರೆದರು ಎಂದು ಡಯೋಜಿನಿಸ್ ಲೇರ್ಷಿಯಸ್ ಬರೆಯುತ್ತಾನೆ. ಪೆರಿಕ್ಲೀಸ್ ಸಾಕುತ್ತೇನೆಂದು ಕರೆದಾಗ, ನಾಲಗೆಯ ಸ್ವಾತಂತ್ರ್ಯ ಮಾರುವುದಿಲ್ಲ ಎಂದು ಅವನು ಒಲ್ಲೆನೆಂದನಂತೆ. ಇದೆಲ್ಲ ಕಟ್ಟುಕಥೆ, ಪ್ಲೇಟೊ ಅವನ ಹೆಸರೇ ಎತ್ತುವುದಿಲ್ಲ ಎಂದು ಪಂಡಿತರು ತಳ್ಳಿಹಾಕುತ್ತಿದ್ದರು. ಪ್ಲೇಟೊ ಎತ್ತಲಿಲ್ಲ ಎಂಬುದೂ ಒಂದು ಪುರಾವೆಯೇ! ಕಳೆದ ಶತಮಾನದ ಐವತ್ತರ ದಶಕದಲ್ಲಿ ಅಥೆನ್ಸಿನ ಹಳೆಯ ಚಾವಡಿ ಬಯಲಿನ ಅಂಚಿನಲ್ಲಿ ಅಮೆರಿಕದ ಪುರಾತತ್ವದವರು ಅಗೆದಾಗ ಕ್ರಿ.ಪೂ. ಐದನೆಯ ಶತಮಾನದ ಒಂದು ಮನೆ ಸಿಕ್ಕಿತು. ನೆಲದ ತುಂಬ ಜೋಡಿಗೆ ಹೊಡೆಯುವ ಕಬ್ಬಿಣದ ಮೊಳೆಗಳು, ಬಾರು ಪೋಣಿಸುವ ಮೂಳೆಯ ಬಳೆಗಳು, ಮತ್ತು 'ಸೈಮನ್ನನದು' ಎಂದು ಗೀಚಿದ ಒಂದು ಬಟ್ಟಲಿನ ತಳ. ಮನೆಯ ಮೂಲೆಗೆ ಅಂಟಿದಂತೆಯೇ ಒಂದು ಗಡಿಗಲ್ಲು: ಚಾವಡಿಯ ಬಯಲು ಇಲ್ಲಿಂದ ಎಂದು ಸಾರುವ ಕಲ್ಲು. ಸಂವಾದಗಳು ಒಂದೂ ಉಳಿದಿಲ್ಲ.

ಹರಳಯ್ಯನ ನೆನಪು ಓದುಗರಿಗೆ ಈಗಾಗಲೇ ಬಂದಿರುತ್ತದೆ. ಅವನೂ ಅವನ ಹೆಂಡತಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಚಮ್ಮಾವುಗೆ ಹೊಲಿದರು, ಬಸವಣ್ಣ ಅದನ್ನು ಮೆಟ್ಟದೆ ತಲೆಯ ಮೇಲೆ ಹೊತ್ತ ಎಂಬ ಕಥೆಯನ್ನು ಕೇಳಿ ಅಳದೆ ಬೆಳೆದವರು ನಮ್ಮ ಕೇರಿಯಲ್ಲಿ ಇಲ್ಲ. ನಾನೂ ಅತ್ತವನೇ. ಆದರೂ ವಿಮರ್ಶಕನಾಗಿ ಒಂದು ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಆ ಜೋಡಿನ ಹೊಲಿಗೆ ಹೇಗಿತ್ತು? ಬಾರು ಎಲ್ಲಿ ಹಾಯಿಸಿದ್ದರು? ಕಥೆ ನನಗೆ ಬಂದ ರೂಪದಲ್ಲಿ ಅದನ್ನು ಕೇಳುವ ಒಬ್ಬನೂ ಇಲ್ಲ. ಹರಳಯ್ಯ ದೊಡ್ಡವನಾದದ್ದು ಕೈಚಳಕದಿಂದ ಅಲ್ಲ, ಕೊಟ್ಟ ಮಾಂಸದಿಂದ. ಇವತ್ತು ನಮ್ಮ ಕವಿತೆಯಲ್ಲಿ ಹಸಿ ಅನುಭವವನ್ನು ಹುಡುಕುವವರು ಕೇಳುತ್ತಿರುವುದೂ ತೊಡೆಯ ಚರ್ಮವನ್ನೇ ಅಲ್ಲವೇ? ತಲೆಯ ಮೇಲೆ ಹೊರಲು ಅವರು ಸಿದ್ಧ. ಬೋರಲು ಹಾಕಿ ಅಟ್ಟೆ ನೋಡಲು ಸಿದ್ಧರಿಲ್ಲ. ಗ್ರೀಕರ ಎಂಪೆಡಾಕ್ಲಿಸನ ಕಥೆ ಇದಕ್ಕೆ ತದ್ವಿರುದ್ಧ. ತಾನು ದೇವರಾದೆ ಎಂದು ಜನ ನಂಬಲಿ ಅಂತ ಅವನು ಎಟ್ನಾ ಜ್ವಾಲಾಮುಖಿಗೆ ಹಾರಿದ, ಬೆಟ್ಟ ಅವನ ಒಂದು ಪಾದರಕ್ಷೆಯನ್ನು ಹೊರಗೆ ಉಗುಳಿತು, ಅದು ಕಂಚಿನದು, ಅವನಿಗೆ ಕಂಚನ್ನೇ ಮೆಟ್ಟುವ ರೂಢಿ ಇತ್ತು ಎಂದು ಹೇಳುತ್ತಾರೆ. ಒಬ್ಬನ ಜೋಡು ಅವನನ್ನು ಶರಣನನ್ನಾಗಿ ಮಾಡಿತು, ಇನ್ನೊಬ್ಬನ ಜೋಡು ಅವನು ಮನುಷ್ಯನೆಂದು ಬಯಲು ಮಾಡಿತು. ಎರಡನೆಯದು ನನಗೆ ಹೆಚ್ಚು ಉಪಯೋಗಕ್ಕೆ ಬರುವ ಜೋಡು.

ಅಪೆಲ್ಲೀಸನ ಗಾದೆ ಇಂಗ್ಲಿಷಿಗೆ ಹೋಗಿ ಮಾಡಿದ ಕೆಲಸವನ್ನೂ ಹೇಳಬೇಕು. ೧೮೧೯ರಲ್ಲಿ ಹ್ಯಾಜ್ಲಿಟ್ ಎಂಬ ವಿಮರ್ಶಕ ತನ್ನ ವೈರಿ ವಿಲಿಯಂ ಗಿಫರ್ಡನನ್ನು ಜರೆಯಲು 'ಚಪ್ಪಲಿ ಮೀರಿದ ವಿಮರ್ಶಕ' ಎಂಬರ್ಥದ ಲ್ಯಾಟಿನ್ ಮೂಲದ ಪದವೊಂದನ್ನು ಬಳಸಿದ. ಗಿಫರ್ಡ್ ಚಿಕ್ಕಂದಿನಲ್ಲಿ ಅನಾಥ, ಜೋಡು ಹೊಲಿಯುವವನ ಬಳಿ ಕೆಲಸಕ್ಕಿದ್ದವನು. ಕಾಗದಕ್ಕೆ ಕಾಸಿಲ್ಲದೆ ಚರ್ಮದ ಚೂರುಗಳನ್ನು ಬಡಿದು ನಯ ಮಾಡಿ, ತೂತು ಹಾಕುವ ಉಳಿಯ ಮೊನೆ ಮೊಂಡು ಮಾಡಿ, ಅದರ ಮೇಲೆ ಬೀಜಗಣಿತ ಬಿಡಿಸಿದೆನೆಂದು ತಾನೇ ಬರೆದುಕೊಂಡಿದ್ದಾನೆ. ದೊಡ್ಡವನಾಗಿ 'ಕ್ವಾರ್ಟರ್ಲಿ ರಿವ್ಯೂ' ಪತ್ರಿಕೆಯ ಸಂಪಾದಕನಾದ, ಪ್ರಭುಪಕ್ಷದ ಬಾಲ ಹಿಡಿದ. ಕುದುರೆ ಲಾಯದವನ ಮಗ ಕೀಟ್ಸ್ ಬರೆದ ಕಾವ್ಯವನ್ನು ೧೮೧೮ರಲ್ಲಿ ಹೀನಾಯವಾಗಿ ಹಳಿದದ್ದು ಅದೇ ಪತ್ರಿಕೆ. ಹ್ಯಾಜ್ಲಿಟ್ ಇತ್ತ ಬಡವರ ಪಕ್ಷಪಾತಿ, ಕ್ರಾಂತಿಯ ಅಭಿಮಾನಿ. ಹೀಗೆ ಪ್ರಜೆಗಳ ಪರವಾದವನು ಹುಟ್ಟಿನ ಕಸುಬು ಎತ್ತಿ ಬೈದ, ಕಸುಬಿನಿಂದ ಬಂದವನು ಬಾಗಿಲಲ್ಲಿ ನಿಂತು ತನ್ನಂಥವರನ್ನು ತಡೆದ. ಇಬ್ಬರಲ್ಲಿ ಯಾರ ಕಡೆ ನಿಲ್ಲಲಿ ಎಂದರೆ ನನಗೆ ಉತ್ತರ ಹೊಳೆಯುವುದಿಲ್ಲ. ಈ ಎರಡೂ ವರಸೆಯ ಜನ ನಮ್ಮಲ್ಲೂ ಇದ್ದಾರೆ, ಹೆಸರು ಬೇಡ.

ಪ್ಲಿನಿಯ ಪುಟಕ್ಕೆ ಮರಳುತ್ತೇನೆ, ಏಕೆಂದರೆ ಗಾದೆ ಹೇಳುವವರು ಚಮ್ಮಾರನ ಕಥೆ ಮುಗಿದ ಕೂಡಲೇ ಪುಸ್ತಕ ಮುಚ್ಚಿಬಿಡುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಪ್ರಸಂಗ ಇದೆ. ಅಲೆಕ್ಸಾಂಡರ್ ಅಪೆಲ್ಲೀಸನ ಕಾರ್ಯಶಾಲೆಗೆ ಆಗಾಗ ಬರುತ್ತಿದ್ದ. ಬಂದು ಕೂತು, ತನಗೆ ತಿಳಿಯದ ಚಿತ್ರಕಲೆಯ ಬಗ್ಗೆ ಏನೇನೋ ಮಾತಾಡುತ್ತಿದ್ದ. ಚಪ್ಪಲಿಯ ತನಕವೂ ತಿಳಿಯದವನು. ಅವನಿಗೆ ಅಪೆಲ್ಲೀಸ್ ಗದರಲಿಲ್ಲ. ಬಣ್ಣ ಅರೆಯುವ ಹುಡುಗರು ನಗುತ್ತಿದ್ದಾರೆ, ಸುಮ್ಮನಿರುವುದು ಒಳ್ಳೆಯದು ಎಂದು ಮೆತ್ತಗೆ, ವಿನಯದಿಂದ ಹೇಳಿದನಂತೆ. ಅಂದರೆ ಆ ಮೂಲೆಯಲ್ಲಿ ಕಲ್ಲಿನ ಮೇಲೆ ಬಣ್ಣ ಅರೆಯುತ್ತ ಕೂತಿದ್ದ ಕೂಲಿ ಹುಡುಗರಿಗೆ ಅರ್ಧ ಲೋಕ ಗೆದ್ದವನ ಅಭಿರುಚಿ ಕಂಡು ನಗು ತಡೆಯಲಾಗಿರಲಿಲ್ಲ, ಚಿತ್ರಕಾರನಿಗೆ ಅವರ ನಗು ಪ್ರಮಾಣವಾಗಿ ಸಾಕಾಗಿತ್ತು. ದೊರೆ ಯಾವ ಚಿತ್ರದ ಬಗ್ಗೆ ಏನಂದ, ಹುಡುಗರು ಸರಿಯಾಗಿ ಯಾವ ಮಾತಿಗೆ ನಕ್ಕರು ಎಂದು ಪ್ಲಿನಿ ಬರೆದಿಲ್ಲ. ಚಮ್ಮಾರ ಆ ಕಾಲಿನ ಬಗ್ಗೆ ಆಡಿದ ಮಾತಿನ ಜೊತೆಗೆ ನನಗೆ ಅದೂ ಬೇಕು.